ಪಟ್ಟಿಯಲ್ಲಿದ್ದ ಏಳನೆಯ ಹೆಸರು

ಹದಿನಾರು ವರ್ಷಗಳ ಕಾಲ ನಾನು ಜನರಿಗೆ ಕೆಲಸ ಕೊಡಿಸುವ ಕೆಲಸವನ್ನೇ ಮಾಡಿದವಳು. ಸಂಸ್ಥೆಯೊಂದರ ನೇಮಕಾತಿ ವಿಭಾಗದಲ್ಲಿ ಕುಳಿತವರಿಗೆ ದಿನದಲ್ಲಿ ಒಂದಾದರೂ ಒಳ್ಳೆಯ ಗಳಿಗೆ ಸಿಗುತ್ತದೆ. ದೂರವಾಣಿಯನ್ನೆತ್ತಿ, "ನೀವು ಆಯ್ಕೆಯಾಗಿದ್ದೀರಿ" ಎಂದು ಹೇಳುವ ಗಳಿಗೆ ಅದು. ಆ ಕಡೆಯಲ್ಲಿ ಒಂದು ಕ್ಷಣ ಮೌನ. ಆಮೇಲೆ ಫೋನನ್ನು ಕೈಯಿಂದ ಮುಚ್ಚಿ, ಮನೆಯೊಳಕ್ಕೆ "ಅಮ್ಮಾ" ಎಂದು ಕೂಗುವ ದನಿ. ಆ ಕೂಗನ್ನು ಎಷ್ಟು ಸಾವಿರ ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಇತರರ ಮನೆಯ ಸಂತೋಷಕ್ಕೆ ಮೊದಲ ಸಾಕ್ಷಿ ನಾನು ಎಂಬ ಹೆಮ್ಮೆ ನನ್ನಲ್ಲಿ ಮೆಲ್ಲನೆ ಬೆಳೆದಿತ್ತು. ಆ ಹೆಮ್ಮೆ ಹೇಗೆ ಮುರಿಯಿತೆಂಬುದನ್ನು ಬರೆಯಲು ಕುಳಿತಿದ್ದೇನೆ.

ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿದ್ದ ನಮ್ಮ ಸಂಸ್ಥೆ ವಿದೇಶದ್ದು. ಅದರ ಹೆಸರು ಇಲ್ಲಿ ಮುಖ್ಯವಲ್ಲ. ಕೊರೊನಾದ ಎರಡನೆಯ ಅಲೆ ಇಳಿದ ಮೇಲೆ, 2021ರ ಮಧ್ಯಭಾಗದಿಂದ, ಮಾಹಿತಿ ತಂತ್ರಜ್ಞಾನದ ಉದ್ಯೋಗಗಳಿಗೆ ಹಿಂದೆಂದೂ ಕಾಣದ ಬೇಡಿಕೆ ಬಂದಿತು. ಒಬ್ಬೊಬ್ಬ ಅಭ್ಯರ್ಥಿಯ ಕೈಯಲ್ಲೂ ಮೂರು ನಾಲ್ಕು ನೇಮಕ ಪತ್ರಗಳು. ಈ ವಲಯದಲ್ಲಿ ಕೆಲಸ ಬಿಡುವವರು ಸಾಮಾನ್ಯವಾಗಿ ತೊಂಬತ್ತು ದಿನಗಳ ಮುನ್ಸೂಚನೆ ಕೊಡಬೇಕು. ಆ ತೊಂಬತ್ತು ದಿನಗಳಲ್ಲಿ ಅಭ್ಯರ್ಥಿ ಒಂದು ಪತ್ರವನ್ನು ತೋರಿಸಿ ಇನ್ನೊಂದನ್ನು, ಅದನ್ನು ತೋರಿಸಿ ಮತ್ತೊಂದನ್ನು ಪಡೆಯುತ್ತಿದ್ದ. ಸೇರುವ ದಿನ ಹೂಗುಚ್ಛ ಹಿಡಿದು ನಾವು ಕಾದಿದ್ದರೆ, ಅವನ ದೂರವಾಣಿ ಸ್ತಬ್ಧವಾಗಿರುತ್ತಿತ್ತು. ಹತ್ತು ಜನರನ್ನು ಸೇರಿಸಿಕೊಳ್ಳಲು ಇಪ್ಪತ್ತು ಜನರನ್ನು ಆರಿಸಬೇಕಾದ ಕಾಲ. ಹಾಗಾಗಿ ಆರಿಸುವವರೂ ಹೆಚ್ಚು ಬೇಕಾಯಿತು. ಒಂಬತ್ತು ಜನರಿದ್ದ ನನ್ನ ತಂಡ ಒಂದೂವರೆ ವರ್ಷದಲ್ಲಿ ಇಪ್ಪತ್ತಾರಕ್ಕೆ ಏರಿತು.

ಆದರೆ ನೇಮಕಾತಿ ವಿಭಾಗದ ಅಸ್ತಿತ್ವ ಒಂದೇ ಒಂದು ನಂಬಿಕೆಯ ಮೇಲೆ ನಿಂತಿದೆ. ನಾಳೆ ಇನ್ನಷ್ಟು ಜನ ಬೇಕಾಗುತ್ತಾರೆಂಬುದೇ ಆ ನಂಬಿಕೆ. ಬಾವಿ ಬತ್ತಿದ ಮೇಲೆ ರಾಟೆಗೇನು ಕೆಲಸ? 2022ರ ನವೆಂಬರಿನಲ್ಲಿ ಫೇಸ್‌ಬುಕ್ಕಿನ ಮಾತೃಸಂಸ್ಥೆ ಮೆಟಾ ಹನ್ನೊಂದು ಸಾವಿರಕ್ಕೂ ಹೆಚ್ಚು ಜನರನ್ನು ಕೈಬಿಟ್ಟಿತು. ಮುಂದಿನ ವರ್ಷ ಜನ ಸೇರಿಸುವುದು ಕಡಿಮೆಯಾದ್ದರಿಂದ ನೇಮಕಾತಿ ವಿಭಾಗಕ್ಕೆ ಹೆಚ್ಚಿನ ಪೆಟ್ಟು ಬೀಳುವುದೆಂದು ಅದರ ಮುಖ್ಯಸ್ಥರೇ ಬಹಿರಂಗವಾಗಿ ತಿಳಿಸಿದರು. 2023ರ ಜನವರಿಯಲ್ಲಿ ಅಮೆಜಾನ್ ಹದಿನೆಂಟು ಸಾವಿರ, ಗೂಗಲ್ ಹನ್ನೆರಡು ಸಾವಿರ, ಮೈಕ್ರೋಸಾಫ್ಟ್ ಹತ್ತು ಸಾವಿರ ಎಂದು ಒಂದರ ಹಿಂದೊಂದು ಸುದ್ದಿ. ಊಟದ ಮೇಜಿನ ಸುತ್ತ ನಾವು ಆ ಸಂಖ್ಯೆಗಳನ್ನು ಮಳೆಯ ಸುದ್ದಿಯಂತೆ ಮಾತಾಡಿಕೊಳ್ಳುತ್ತಿದ್ದೆವು. ಎಲ್ಲೋ ದೂರದಲ್ಲಿ ಸುರಿಯುತ್ತಿದೆ, ಇಲ್ಲಿಗೆ ಬರಲಾರದು ಎಂಬಂತೆ.

ಸೂಚನೆಗಳು ಇರಲಿಲ್ಲವೆಂದಲ್ಲ. ಖಾಲಿ ಹುದ್ದೆಗಳ ಪಟ್ಟಿ ವಾರವಾರವೂ ಕುಗ್ಗುತ್ತಿತ್ತು. ಆಮೇಲೆ, ಈಗಾಗಲೇ ಆಯ್ಕೆಯಾದವರಿಗೆ ಫೋನು ಮಾಡಿ, ಸೇರುವ ದಿನಾಂಕ ಮುಂದಕ್ಕೆ ಹೋಗಿದೆಯೆಂದು ತಿಳಿಸಬೇಕೆಂಬ ಆದೇಶ ಬಂತು. ರಾಯಚೂರಿನ ಕಡೆಯ ತರುಣನೊಬ್ಬ ಇದ್ದ ಕೆಲಸಕ್ಕೆ ರಾಜೀನಾಮೆ ಕೊಟ್ಟಾಗಿತ್ತು. ಅವನು ಜಗಳವಾಡಲಿಲ್ಲ. "ಮೇಡಂ, ಊರಾಗ ಎಲ್ಲಾರಿಗೂ ಹೇಳಿಬಿಟ್ಟೀನಿ. ಈಗ ಏನಂತ ಹೇಳ್ಲಿ?" ಎಂದ. ಅದಕ್ಕೆ ನಮಗೆ ಕೊಟ್ಟಿದ್ದ ಸಿದ್ಧ ಉತ್ತರಗಳ ಹಾಳೆಯಲ್ಲಿ ಜವಾಬಿರಲಿಲ್ಲ.

ಜನವರಿಯ ಕೊನೆಯ ವಾರದ ಒಂದು ಸಂಜೆ ನನ್ನ ಮೇಲಧಿಕಾರಿ ವಿದೇಶದಿಂದ ಕರೆ ಮಾಡಿದರು. ಇಪ್ಪತ್ತಾರು ಹನ್ನೊಂದಾಗಬೇಕು. ಹದಿನೈದು ಹೆಸರುಗಳನ್ನು ಕ್ರಮವಾಗಿ ಬರೆದು ಎರಡು ದಿನಗಳಲ್ಲಿ ಕಳುಹಿಸಬೇಕು. ಯಾರಿಗೂ ತಿಳಿಯಕೂಡದು, ತಿಳಿದರೆ ಹೊಣೆ ನನ್ನದು. ಇಷ್ಟೇ. ಅವರ ದನಿಯಲ್ಲಿ ಕ್ರೌರ್ಯವಿರಲಿಲ್ಲ, ಆಯಾಸವಿತ್ತು.

ಆ ರಾತ್ರಿ ನಾನು ಕಂಪ್ಯೂಟರಿನಲ್ಲಿ ಕೋಷ್ಟಕವೊಂದನ್ನು ತೆರೆದೆ. ವರ್ಷದಲ್ಲಿ ಎಷ್ಟು ಹುದ್ದೆ ತುಂಬಿದರು, ಸೇವೆ ಎಷ್ಟು ವರ್ಷ, ಸಂಬಳ ಎಷ್ಟು. ಅಂಕಿಗಳನ್ನು ಕೂಡಿಸಿ ಕಳೆದು ಮೇಲಿಂದ ಕೆಳಕ್ಕೆ ಜೋಡಿಸಿದೆ. ಲೆಕ್ಕ ಮಾಡುವಾಗ ಮನಸ್ಸಿಗೆ ವಿಚಿತ್ರವಾದ ಶಾಂತಿ ಸಿಗುತ್ತದೆ. ನಿರ್ಧಾರ ನಮ್ಮದಲ್ಲ, ಅಂಕಿಗಳದ್ದು ಎನಿಸುತ್ತದೆ. ಆದರೆ ಯಾವ ಅಂಕಿಗೆ ಎಷ್ಟು ತೂಕವೆಂದು ನಿರ್ಧರಿಸಿದವಳು ನಾನೇ. ಮಗುವಿಗಾಗಿ ಆರು ತಿಂಗಳು ರಜೆಯಲ್ಲಿದ್ದವಳ ಹುದ್ದೆಗಳ ಲೆಕ್ಕ ಸಹಜವಾಗಿಯೇ ಕಡಿಮೆ ಇತ್ತು. ಅದನ್ನು ಸರಿಪಡಿಸಿ ಅವಳನ್ನು ಮೇಲಕ್ಕೆ ತಂದರೆ ಇನ್ನೊಬ್ಬರು ಕೆಳಕ್ಕಿಳಿಯುತ್ತಿದ್ದರು. ಹಾಸನದ ಕಡೆಯ ಹುಡುಗಿಯೊಬ್ಬಳು ಹೀಗೆ ಏಳನೆಯ ಸಾಲಿಗೆ ಬಂದಳು.

ಪಟ್ಟಿ ಕಳುಹಿಸಿದ ಮೇಲೆ ಹತ್ತು ದಿನಗಳು ಕಳೆದವು. ಆ ಹತ್ತು ದಿನಗಳೇ ಈ ಬರಹದ ತಿರುಳು. ಎಂದಿನಂತೆ ತಂಡದ ಸಭೆ ನಡೆಸಿದೆ. ಒಬ್ಬರ ಹುಟ್ಟುಹಬ್ಬದ ಕೇಕನ್ನು ತಿಂದೆ. ಐದನೆಯ ದಿನ ಹಾಸನದ ಹುಡುಗಿ ನನ್ನ ಮೇಜಿನ ಬಳಿ ಬಂದು ನಿಂತಳು. ನಮ್ಮಲ್ಲಿ ಸೇರಿ ಒಂದೂವರೆ ವರ್ಷವಾಗಿತ್ತು. ನನ್ನನ್ನು 'ಮೇಡಂ' ಎನ್ನದೆ 'ಅಕ್ಕಾ' ಎನ್ನುತ್ತಿದ್ದವಳು ಅವಳೊಬ್ಬಳೇ.

"ಅಕ್ಕಾ, ಭೋಗ್ಯಕ್ಕೆ ಒಂದು ಮನೆ ನೋಡಿದ್ದೀನಿ. ಎಂಟು ಲಕ್ಷ. ಅಪ್ಪ ತೆಂಗಿನ ತೋಟದ ಮೇಲೆ ಸಾಲ ಎತ್ತಿ ಕೊಡ್ತೀನಿ ಅಂದಿದ್ದಾರೆ. ಭಾನುವಾರ ಮುಂಗಡ ಕೊಡಬೇಕು. ನಮ್ಮ ಕೆಲಸಕ್ಕೇನೂ ತೊಂದರೆ ಇಲ್ಲ ತಾನೇ?"

ನಾನು ಪರದೆಯಿಂದ ಕಣ್ಣೆತ್ತದೆ, "ನನಗೇನೂ ಗೊತ್ತಿಲ್ಲಮ್ಮಾ" ಎಂದೆ.

ಅವಳಿಗೆ ಅದು ಸುಳ್ಳಾಗಿ ಕೇಳಲಿಲ್ಲ, ಅಭಯವಾಗಿ ಕೇಳಿಸಿತು. ತೊಂದರೆಯಿದ್ದರೆ ಅಕ್ಕನಿಗೆ ಗೊತ್ತಿರದೆ ಇರುತ್ತದೆಯೇ ಎಂದುಕೊಂಡು ನಗುತ್ತಾ ಹೋದಳು. ಭಾನುವಾರ ಮುಂಗಡ ಕೊಟ್ಟಳು.

ಫೆಬ್ರವರಿಯ ಒಂದು ಮುಂಜಾನೆ ಹದಿನೈದು ಜನರ ಲ್ಯಾಪ್‌ಟಾಪುಗಳು ತೆರೆಯಲಿಲ್ಲ. ಸ್ವಂತ ವಿಳಾಸಕ್ಕೆ ಒಂದು ಮಿಂಚಂಚೆ, ಆಮೇಲೆ ಒಬ್ಬೊಬ್ಬರಿಗೂ ಹದಿನೈದು ನಿಮಿಷಗಳ ವಿಡಿಯೊ ಕರೆ. ಪ್ರತಿಯೊಂದರಲ್ಲೂ ನಾನು ಇರಲೇಬೇಕಿತ್ತು. ಕೆಲಸ ಕಳೆದುಕೊಂಡವರು ಅಳುತ್ತಾರೆ ಅಥವಾ ಕೂಗಾಡುತ್ತಾರೆ ಎಂದು ನಾನು ತಿಳಿದಿದ್ದೆ. ಹಾಗಾಗಲಿಲ್ಲ.

ಒಬ್ಬಾತ ಕೇಳಿದ್ದು ಒಂದೇ ಮಾತು: "ನನ್ನ ಗ್ರಾಚ್ಯುಟಿ?" ಅವನ ಸೇವೆ ನಾಲ್ಕು ವರ್ಷ ನಾಲ್ಕು ತಿಂಗಳು. ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಕಾಯಿದೆ ಐದು ವರ್ಷಗಳ ಸೇವೆಯನ್ನು ಕೇಳುತ್ತಿತ್ತು. ಅವನಿಗೆ ಉತ್ತರ ಗೊತ್ತಿತ್ತು. ನಮ್ಮ ಬಾಯಿಂದ ಕೇಳಬೇಕಿತ್ತು, ಅಷ್ಟೇ. ಇನ್ನೊಬ್ಬಳ ತಾಯಿಗೆ ಡಯಾಲಿಸಿಸ್ ನಡೆಯುತ್ತಿತ್ತು. ಸಂಸ್ಥೆಯ ಸಾಮೂಹಿಕ ಆರೋಗ್ಯವಿಮೆ ಕೆಲಸದ ಕೊನೆಯ ದಿನಕ್ಕೆ ಮುಗಿಯುತ್ತದೆಂದು ತಿಳಿದು, ಅವಳು ಕ್ಯಾಲೆಂಡರು ನೋಡಿ ಉಳಿದ ಸರದಿಗಳನ್ನು ಬೆರಳಲ್ಲಿ ಎಣಿಸಿದಳು. ಮತ್ತೊಬ್ಬ ಜೋರಾಗಿ ನಕ್ಕ. "ಮೇಡಂ, ಈ ಮಾತನ್ನು ಹೇಗೆ ಹೇಳಬೇಕೆಂದು ಹೊಸಬರಿಗೆ ಹೇಳಿಕೊಟ್ಟವನು ನಾನೇ" ಎಂದ. ಹಿರಿಯ ಸಹೋದ್ಯೋಗಿಯೊಬ್ಬರು ನನ್ನನ್ನೇ ಸಮಾಧಾನಪಡಿಸಿದರು: "ಬೆಳಿಗ್ಗೆಯಿಂದ ಎಷ್ಟು ಜನಕ್ಕೆ ಹೇಳಿದಿರಿ? ಸ್ವಲ್ಪ ನೀರು ಕುಡಿಯಿರಿ." ಆ ಮಾತು ಬೈಗುಳಕ್ಕಿಂತ ಆಳಕ್ಕೆ ಇಳಿಯಿತು. ಇನ್ನೊಬ್ಬಾತ ಮನೆಯಲ್ಲಿ ವಿಷಯ ತಿಳಿಸದೆ, ತಿಂಗಳೊಂದು ಕಾಲ ದಿನವೂ ಚೀಲ ಹೆಗಲಿಗೇರಿಸಿ ಹೊರಟು ಕಬ್ಬನ್ ಪಾರ್ಕಿನ ಗ್ರಂಥಾಲಯದಲ್ಲಿ ಕುಳಿತು ಸಂಜೆ ಮನೆಗೆ ಹೋಗುತ್ತಿದ್ದನೆಂದು ಆಮೇಲೆ ತಿಳಿಯಿತು.

ಏಳನೆಯ ಕರೆ ಹಾಸನದ ಹುಡುಗಿಯದು. ಎಲ್ಲವನ್ನೂ ಕೇಳಿಸಿಕೊಂಡಳು. ಎರಡು ತಿಂಗಳ ಸಂಬಳ ಕೊಡುವುದಾಗಿ ಹೇಳಿದಾಗ ತಲೆಯಾಡಿಸಿದಳು. ಕೊನೆಗೆ ಕೇಳಿದಳು: "ಅಕ್ಕಾ, ಅವತ್ತು ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು" ಎಂದೆ. ಅವಳು ಕ್ಯಾಮೆರಾ ಆರಿಸಿದಳು. ಕಪ್ಪು ಚೌಕದಲ್ಲಿ ಅವಳ ಹೆಸರು ಮಾತ್ರ ಉಳಿಯಿತು.

ಉಳಿದ ಹನ್ನೊಂದು ಜನರ ಪಾಡನ್ನೂ ಹೇಳಬೇಕು. ಉಳಿದವರು ಸಂತೋಷಪಟ್ಟರೆಂದು ಹೊರಗಿನವರು ಭಾವಿಸುತ್ತಾರೆ. ಆ ವಾರ ಯಾರೂ ಒಟ್ಟಿಗೆ ಊಟಕ್ಕೆ ಕೂರಲಿಲ್ಲ. ಹಳೆಯ ವಾಟ್ಸಾಪ್ ಗುಂಪಿನಲ್ಲಿ ಏನು ಬರೆಯಬೇಕೆಂದು ತಿಳಿಯದೆ, ಉಳಿದವರೆಲ್ಲಾ ಸೇರಿ ಹೊಸ ಗುಂಪೊಂದನ್ನು ಮಾಡಿಕೊಂಡರು. ಹೋದವರ ಕುರ್ಚಿಯ ಮೇಲೆ ಯಾರೂ ಚೀಲವನ್ನೂ ಇಡುತ್ತಿರಲಿಲ್ಲ. ಪ್ರತಿಯೊಬ್ಬರೂ ನನ್ನ ಮುಖವನ್ನು ಓದಲು ಯತ್ನಿಸುತ್ತಿದ್ದರು. ನನ್ನ ಮುಖವೇ ಒಂದು ಪಟ್ಟಿಯಾಗಿಬಿಟ್ಟಿತ್ತು.

ಮೂರು ವಾರಗಳ ಬಳಿಕ ನನ್ನ ಹೆಸರೂ ಇನ್ನೊಬ್ಬರು ಬರೆದ ಪಟ್ಟಿಯಲ್ಲಿ ಬಂತು. ಹನ್ನೊಂದು ಜನರಿಗೆ ಪ್ರತ್ಯೇಕ ಮುಖ್ಯಸ್ಥೆ ಬೇಡವಾಗಿತ್ತು. ಮೇಲಧಿಕಾರಿ ಹನ್ನೆರಡು ನಿಮಿಷ ಮಾತಾಡಿದರು. "ನನಗೂ ಗೊತ್ತಿರಲಿಲ್ಲ" ಎಂದರು. ಆ ವಾಕ್ಯದ ಪರಿಚಯ ನನಗಿತ್ತು.

ಇಲ್ಲಿ ಕಾನೂನಿನ ಒಂದು ಮಾತು. ನಾವೆಲ್ಲರೂ 'ಲೇಆಫ್' ಎನ್ನುತ್ತೇವೆ. ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದಗಳ ಕಾಯಿದೆಯಲ್ಲಿ ಆ ಪದಕ್ಕೆ ಬೇರೆಯೇ ಅರ್ಥ. ಕಲ್ಲಿದ್ದಲೋ ಕಚ್ಚಾವಸ್ತುವೋ ಇಲ್ಲದೆ ತಾತ್ಕಾಲಿಕವಾಗಿ ಕೆಲಸ ಕೊಡಲಾಗದಿದ್ದರೆ ಅದು ಲೇಆಫ್. ಆಗ ಅರ್ಧ ವೇತನ ಕೊಡಬೇಕು, ಕಾರ್ಮಿಕನ ಹೆಸರು ಹಾಜರಿ ಪುಸ್ತಕದಲ್ಲೇ ಉಳಿಯುತ್ತದೆ. ಶಾಶ್ವತವಾಗಿ ತೆಗೆಯುವುದು ಬೇರೆ. ಅದಕ್ಕೆ ಒಂದು ತಿಂಗಳ ಮುನ್ಸೂಚನೆ, ಸೇವೆಯ ಪ್ರತಿ ವರ್ಷಕ್ಕೆ ಹದಿನೈದು ದಿನಗಳ ವೇತನ, ಕೊನೆಗೆ ಬಂದವನು ಮೊದಲು ಹೋಗಬೇಕೆಂಬ ಕ್ರಮ ಇವೆಲ್ಲವನ್ನೂ ಆ ಕಾಯಿದೆ ವಿಧಿಸಿತ್ತು. ಆದರೆ ಇದೆಲ್ಲಾ 'ಕಾರ್ಮಿಕ'ನಿಗೆ. ಮೇಜಿನ ಮುಂದೆ ಕುಳಿತು ಜನರನ್ನು ಆರಿಸುವವರು ಕಾರ್ಮಿಕರೋ ಅಲ್ಲವೋ ಎಂಬುದನ್ನು ನ್ಯಾಯಾಲಯದಲ್ಲೇ ತೀರ್ಮಾನಿಸಬೇಕು. ಆ ದೂರ ಹೋಗಲು ಯಾರಿಗೆ ಸಾಮರ್ಥ್ಯವಿದೆ? ಅದಕ್ಕೇ ನಮ್ಮಂಥ ಕಛೇರಿಗಳಲ್ಲಿ 'ನೀವಾಗಿಯೇ ರಾಜೀನಾಮೆ ಕೊಡಿ' ಎನ್ನುತ್ತಾರೆ. ಕೊಟ್ಟರೆ ದಾಖಲೆಯಲ್ಲಿ ಯಾರನ್ನೂ ಯಾರೂ ತೆಗೆದಂತಾಗುವುದಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆ, ತೆಗೆಯಲ್ಪಟ್ಟ ಕಾರ್ಮಿಕನ ಮರುತರಬೇತಿಗೆಂದು ಮಾಲೀಕನು ಹದಿನೈದು ದಿನಗಳ ವೇತನವನ್ನು ನಿಧಿಗೆ ಕೊಡಬೇಕೆನ್ನುತ್ತದೆ. ಒಳ್ಳೆಯ ಹೆಜ್ಜೆ. ಆದರೆ ಆಡಳಿತದ ಕೆಲಸದಲ್ಲಿರುವವರು ಅಲ್ಲಿಯೂ ಹೊರಗೇ.

ಕೆಲಸ ಹೋದ ವಾರ ನಾನು ಊರಿಗೆ ಹೊರಟೆ. ನಮ್ಮ ಊರು ಕೋಲಾರದ ಚಿನ್ನದ ಗಣಿ. ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆಗೆ ರೈಲು ತಿರುಗಿದೊಡನೆ ಕಿಟಕಿಯಾಚೆ ಸಯನೈಡ್ ಮಣ್ಣಿನ ಬೋಳು ದಿಬ್ಬಗಳು ಕಾಣತೊಡಗುತ್ತವೆ. ಅವುಗಳ ಬುಡದಲ್ಲಿಯೇ ನಾನು ಆಡಿ ಬೆಳೆದದ್ದು. ನಮ್ಮಪ್ಪ ಗಣಿಯೊಳಕ್ಕೆ ಇಳಿಯುತ್ತಿದ್ದವರು. ನೂರಿಪ್ಪತ್ತು ವರ್ಷಗಳಷ್ಟು ನಡೆದ ಆ ಗಣಿ, ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಗಣಿ, 2001ರ ಫೆಬ್ರವರಿ 28ರಂದು ಮುಚ್ಚಿತು. ನಾನಾಗ ಪದವಿಯ ಕೊನೆಯ ವರ್ಷದಲ್ಲಿದ್ದೆ. ಗಣಿ ಮುಚ್ಚಿದ ಮೇಲೂ ಅಪ್ಪ ಮೂರು ತಿಂಗಳು, ಅಮ್ಮ ಕಟ್ಟಿಕೊಟ್ಟ ಬುತ್ತಿಯ ಡಬ್ಬಿ ಹಿಡಿದು ಗೇಟಿನವರೆಗೆ ಹೋಗಿ, ನಿಂತುಹೋದ ರಾಟೆಯನ್ನು ನೋಡುತ್ತಾ ಕುಳಿತು ಬರುತ್ತಿದ್ದರು. ಆಮೇಲೆ ಊರಿನ ಸಾವಿರಾರು ಜನರಂತೆ ಅವರೂ ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ಹೋಗಿ, ಕಛೇರಿಯೊಂದರ ಬಾಗಿಲಲ್ಲಿ ಕಾವಲುಗಾರರಾಗಿ ನಿಂತು, ನನ್ನನ್ನು ಓದಿಸಿದರು. ಕಬ್ಬನ್ ಪಾರ್ಕಿನಲ್ಲಿ ಕುಳಿತ ನನ್ನ ಸಹೋದ್ಯೋಗಿಯ ಸುದ್ದಿ ಕೇಳಿದಾಗ ನನಗೆ ಮೊದಲು ನೆನಪಾದದ್ದು ಆ ಬುತ್ತಿಯ ಡಬ್ಬಿ.

ಸಂಜೆ ಜಗಲಿಯ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ನಮಗೆ ಬೀಗ ಹಾಕ್ದಾಗ ಎಲ್ಲಾರ್ಗೂ ಒಂದೇ ದಿನ ಹಾಕಿದ್ರಮ್ಮಾ. ಗೇಟ್ ಮುಂದೆ ಎಲ್ಲಾರೂ ಒಟ್ಗೇ ನಿಂತಿದ್ವಿ, ಒಟ್ಗೇ ಬೈದ್ವಿ, ಒಟ್ಗೇ ಅತ್ವಿ. ನಿಮ್ದು ಒಬ್ಬೊಬ್ರನ್ನೇ ಕತ್ಲೇಲಿ ಇಳ್ಸಿ ಹಗ್ಗ ಬಿಟ್ಟಂಗಿದೆ" ಎಂದರು.

ಹಾಸನದ ಹುಡುಗಿಯ ವಿಷಯವನ್ನು ಕೊನೆಗೆ ಹೇಳಿದೆ. ಗುಟ್ಟು ಬಿಟ್ಟುಕೊಟ್ಟಿದ್ದರೆ ನನ್ನ ಕೆಲಸ ಹೋಗುತ್ತಿತ್ತೆಂದೂ ಸೇರಿಸಿದೆ. ಅಪ್ಪ ನನ್ನನ್ನು ಗದರಲಿಲ್ಲ. ನಮ್ಮ ಗಣಿಯಲ್ಲಿ ಆಳಕ್ಕೆ ಹೋದಂತೆ ಬಂಡೆ ತಾನಾಗಿಯೇ ಸಿಡಿಯುವುದಿತ್ತು. ಅದರಲ್ಲಿ ಜೀವ ಕಳೆದುಕೊಂಡವರ ಮನೆಗಳು ನಮ್ಮ ಸಾಲಿನಲ್ಲೂ ಇದ್ದವು. "ಬಂಡೆ ಸಿಡಿಯೋಕೆ ಮುಂಚೆ ಒಂದೊಂದ್ಸಲ ಸಣ್ಣ ಸದ್ದು ಬರೋದು" ಎಂದರು ಅಪ್ಪ. "ಕೇಳಿಸ್ಕೊಂಡವನು ಹಿಂದಿರೋನ್ಗೆ ಕೂಗಿ ಹೇಳ್ಬೇಕು. ಹೇಳ್ದೆ ತಾನೊಬ್ನೇ ಪಕ್ಕಕ್ಕೆ ಸರ್ದೋನ ಜತೆ ಆಮೇಲೆ ಯಾರೂ ಇಳೀತಿರ್ಲಿಲ್ಲ." ಸ್ವಲ್ಪ ಹೊತ್ತಿನ ಮೇಲೆ, "ಹೋಗಿ ಆ ಮಗೂನ ನೋಡ್ಕೊಂಡು ಬಾ" ಎಂದರು.

ಹೋದೆ. ಮುಂಗಡ ಕೊಟ್ಟ ಐವತ್ತು ಸಾವಿರದಲ್ಲಿ ಮನೆಯ ಮಾಲೀಕರು ಅರ್ಧವನ್ನು ಹಿಂದಿರುಗಿಸಿದ್ದರು. ತೋಟದ ಮೇಲಿನ ಸಾಲ ಅಷ್ಟರಲ್ಲಿ ಮಂಜೂರಾಗಿರಲಿಲ್ಲ, ಅದೊಂದು ಪುಣ್ಯ. ಹಾಸ್ಟೆಲಿನ ಮೆಟ್ಟಿಲ ಮೇಲೆ ಕುಳಿತು ಕ್ಷಮೆ ಕೇಳಿದೆ. ಕಳೆದುಹೋದ ಹಣವನ್ನು ಕೊಡಲು ಹೋದಾಗ ಅವಳು ಕೈ ಹಿಂದಕ್ಕೆಳೆದುಕೊಂಡಳು. "ನೀವು ಗುಟ್ಟು ಬಿಟ್ಟುಕೊಡಬೇಕಿತ್ತು ಅಂತ ನಾನು ಹೇಳ್ತಿಲ್ಲ ಅಕ್ಕಾ. 'ಈ ತಿಂಗಳು ಬೇಡ, ಮುಂದೆ ನೋಡೋಣ' ಅಂದಿದ್ರೆ ಸಾಕಿತ್ತು. ನಾನು ಯಾಕೆ ಅಂತ ಕೇಳ್ತಾನೂ ಇರಲಿಲ್ಲ" ಎಂದಳು.

ಆ ಒಂದು ವಾಕ್ಯ ನನಗೆ ಯಾಕೆ ಹೊಳೆಯಲಿಲ್ಲ? ಹೊಳೆಯಲಿಲ್ಲವೆಂದಲ್ಲ, ಹುಡುಕಲಿಲ್ಲ. ಗುಟ್ಟು ಕಾಯುವುದು ಒಂದು, ಗುಟ್ಟಿನ ಮರೆಯಲ್ಲಿ ಅವಿತುಕೊಳ್ಳುವುದು ಇನ್ನೊಂದು. ಮೊದಲನೆಯದು ನೌಕರಿಯ ಕರಾರಿನಲ್ಲಿತ್ತು. ಎರಡನೆಯದು ನನ್ನ ಸ್ವಂತ ಆಯ್ಕೆಯಾಗಿತ್ತು. ಸಂಸ್ಥೆಯ ನಿರ್ದಯತೆಯ ಬಗ್ಗೆ ನಾನು ಎಷ್ಟೇ ಮಾತಾಡಬಲ್ಲೆ. ಆದರೆ ಕಣ್ಣೆತ್ತದೆ ಉತ್ತರಿಸಬೇಕೆಂದು ಸಂಸ್ಥೆ ನನಗೆ ಹೇಳಿರಲಿಲ್ಲ.

ಅನಂತರದ ಆರು ತಿಂಗಳು ನಾನು ಬಲ್ಲ ಒಂದೇ ಕೆಲಸವನ್ನು ಸಂಬಳವಿಲ್ಲದೆ ಮಾಡಿದೆ. ಹದಿನೈದು ಜನರ ಪಟ್ಟಿಯನ್ನು ಮತ್ತೆ ಎದುರಿಗಿಟ್ಟುಕೊಂಡು, ಪರಿಚಯವಿದ್ದವರಿಗೆಲ್ಲಾ ಕರೆ ಮಾಡಿದೆ. ಸುಲಭವಿರಲಿಲ್ಲ. ಜನರನ್ನೇ ಸೇರಿಸಿಕೊಳ್ಳದ ಕಾಲದಲ್ಲಿ ಜನ ಸೇರಿಸುವವರು ಯಾರಿಗೆ ಬೇಕು? ಹಿಂದೆ ನಾವೇ ತಿರಸ್ಕರಿಸಿದ್ದ ಅಭ್ಯರ್ಥಿಗಳು ಈಗ ಬೇರೆಡೆ ಅಧಿಕಾರಿಗಳಾಗಿದ್ದರು. ಅಂಥವರಲ್ಲಿ ಒಬ್ಬರು, "ಅಂದು ನೀವು ತಿರಸ್ಕಾರವನ್ನೂ ಫೋನು ಮಾಡಿಯೇ ತಿಳಿಸಿದ್ದಿರಿ, ಅದಕ್ಕೇ ಈ ಕರೆ ತೆಗೆದುಕೊಂಡೆ" ಎಂದು ಹೇಳಿ, ನಮ್ಮವರಿಬ್ಬರನ್ನು ಆಸ್ಪತ್ರೆಯೊಂದರ ಆಡಳಿತಕ್ಕೆ ಸೇರಿಸಿಕೊಂಡರು. ಗ್ರಾಚ್ಯುಟಿ ಕೇಳಿದವನು ಊರಿಗೆ ಹೋಗಿ ರೇಷ್ಮೆ ಹಿಡಿದ. ಹಿರಿಯ ಸಹೋದ್ಯೋಗಿ ಕಾಲೇಜೊಂದರಲ್ಲಿ ಮಕ್ಕಳಿಗೆ ಸಂದರ್ಶನ ಎದುರಿಸುವುದನ್ನು ಕಲಿಸುತ್ತಿದ್ದಾರೆ. ಹಾಸನದ ಹುಡುಗಿಗೆ ಐದು ತಿಂಗಳ ಮೇಲೆ ಪೀಣ್ಯದ ಕಾರ್ಖಾನೆಯೊಂದರಲ್ಲಿ ಕಡಿಮೆ ಸಂಬಳದ ಕೆಲಸ ಸಿಕ್ಕಿತು. ಅದು ನನ್ನಿಂದಲ್ಲ, ಅವಳ ಸ್ವಪ್ರಯತ್ನದಿಂದ. ಮೂವರು ಇಂದಿಗೂ ನನ್ನ ಕರೆ ತೆಗೆದುಕೊಳ್ಳುವುದಿಲ್ಲ. ಅದು ಅವರ ಹಕ್ಕು.

ದ್ರಾಕ್ಷಿ ತೋಟದ ಒಡೆಯನ ಸಾಮತಿ ನಮಗೆಲ್ಲರಿಗೂ ಗೊತ್ತು. ಅವನು ಬೆಳಗಿನಿಂದ ಸಂಜೆಯವರೆಗೆ ಐದು ಸಲ ಪೇಟೆಗೆ ಹೋಗಿ ಕೂಲಿಯಾಳುಗಳನ್ನು ಕರೆತರುತ್ತಾನೆ. ಕೊನೆಗೆ ಬಂದವರಿಗೂ ಪೂರ್ತಿ ಕೂಲಿ ಸಿಕ್ಕಿದ್ದನ್ನೇ ನಾನು ಚಿಕ್ಕಂದಿನಿಂದ ಯೋಚಿಸುತ್ತಿದ್ದೆ. ಕೆಲಸ ಹೋದ ಮೇಲೆ ನನ್ನ ಕಣ್ಣು ಬೇರೊಂದರ ಮೇಲೆ ನಿಂತಿತು. ಸಂಜೆಯ ವೇಳೆಗೂ ಅಲ್ಲೇ ನಿಂತಿದ್ದವರನ್ನು ಅವನು ಸೋಮಾರಿಗಳೆಂದು ತೀರ್ಮಾನಿಸಿ ಹೋಗಲಿಲ್ಲ. ಯಾಕೆ ನಿಂತಿದ್ದೀರೆಂದು ಕೇಳಿದ, ಅವರ ಉತ್ತರವನ್ನು ಕೇಳಿಸಿಕೊಂಡ. ಕೆಲಸ ಕಳೆದುಕೊಂಡವರನ್ನು ನಾವು ಮದುವೆ ಮನೆಗಳಲ್ಲಿ, ಬೀದಿಯ ತಿರುವುಗಳಲ್ಲಿ ಕಾಣುತ್ತೇವೆ. 'ಇನ್ನೂ ಸಿಗಲಿಲ್ಲವೇ?' ಎಂದು ಕೇಳಿ, ಉತ್ತರ ಬರುವ ಮುನ್ನವೇ ಮುಂದೆ ಸಾಗುತ್ತೇವೆ. ಅವರಿಗೆ ನಮ್ಮಿಂದ ಕೆಲಸವೇ ಸಿಗಬೇಕೆಂದಿಲ್ಲ. ನಿಂತು ಕೇಳಿಸಿಕೊಳ್ಳುವ ಒಂದು ಕಿವಿ ಸಿಕ್ಕರೂ ಅಂದಿನ ಸಂಜೆ ಸ್ವಲ್ಪ ಹಗುರಾದೀತು.

ಈಗ ನಾನು ಚಿಕ್ಕದೊಂದು ಶುಶ್ರೂಷಾ ಸಂಸ್ಥೆಗೆ ದಾದಿಯರನ್ನು ಆರಿಸುವ ಕೆಲಸದಲ್ಲಿದ್ದೇನೆ. ಸಂಬಳ ಹಿಂದಿನದರ ಅರ್ಧಕ್ಕಿಂತ ಕಡಿಮೆ. ಕಳೆದ ವರ್ಷ ಹಾಸನದ ಹುಡುಗಿ ಒಮ್ಮೆ ಕರೆ ಮಾಡಿದ್ದಳು, ತನ್ನ ಊರಿನ ಹುಡುಗಿಯೊಬ್ಬಳಿಗೆ ಕೆಲಸ ಕೇಳಲು. ಕೊನೆಯಲ್ಲಿ, "ಈ ಕೆಲಸ ನಂಬಬಹುದಾ?" ಎಂದು ಕೇಳಿದಳು. ಆ ಸಲ ಅವಳು 'ಅಕ್ಕಾ' ಎನ್ನಲಿಲ್ಲ.

ನಾನು ಕೈಯಲ್ಲಿದ್ದ ಕೆಲಸವನ್ನು ಬದಿಗಿಟ್ಟೆ. ಸಂಸ್ಥೆಯ ಹಣಕಾಸು ಹೇಗಿದೆ, ಕರಾರು ಎಷ್ಟು ತಿಂಗಳದ್ದು, ಯಾವುದನ್ನು ನಂಬಬಹುದು, ಯಾವುದನ್ನು ನಂಬಬಾರದು ಎಂದು ನನಗೆ ತಿಳಿದಷ್ಟನ್ನೂ ಹೇಳಿದೆ. ಮುಂದಿನ ಸೋಮವಾರ ಅವಳ ಊರಿನ ಹುಡುಗಿ ಸಂದರ್ಶನಕ್ಕೆ ಬಂದಳು.